ಮಾನ್ಯತೆ ಯಾರಿಗೆ ಬೇಕು?

ಕಳೆದ ಬೇಸಿಗೆಯಲ್ಲಿ ಹೊಸನಗರದಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. "ಕೂಸಿಗೆ ಬೆಂಗಳೂರಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೀಟ್ ಸಿಕ್ಕಿದೆ ಮಾರಾಯ. 50 ಸಾವಿರ ಅಡ್ವಾನ್ಸ್ ಕೊಟ್ಟಾಯ್ತು. ನೀನೊಂದ್ಸಲ ಕಾಲೇಜು ನೋಡ್ಕಂಡು ಬಾ." ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟ ಸೊರಗಿರುವ ಮನೆಯಲ್ಲಿ ಅದು ಸಣ್ಣ ದುಡ್ಡಲ್ಲ.

ಹೋದೆ. ಮೂರಂತಸ್ತಿನ ಕಟ್ಟಡ, ಕೆಳಗೆ ಬೇಕರಿ. "ರೆಕಗ್ನಿಷನ್ ಪ್ರೊಸೆಸ್‌ನಲ್ಲಿದೆ ಸಾರ್, ಅಡ್ಮಿಷನ್ ಆದ್ಮೇಲೆ ಬರುತ್ತೆ" ಅಂದರು. ಮಕ್ಕಳು ಕಲಿಯುವ ಆಸ್ಪತ್ರೆ ಎಲ್ಲಿ ಅಂದರೆ "ಟೈ-ಅಪ್ ಇದೆ" ಅಂದರು. ಯಾವ ಆಸ್ಪತ್ರೆ ಜೊತೆ ಅಂತ ಹೇಳಲಿಲ್ಲ.

ನಿಜ ಹೇಳ್ತೀನಿ, ಮಾನ್ಯತೆ ಅನ್ನೋ ಪದದ ಮೇಲೆ ನನಗೆ ದೊಡ್ಡ ಭಕ್ತಿಯೇನಿಲ್ಲ. ನಮ್ಮ ಆಫೀಸಿಗೂ ಆಡಿಟ್ ಬರುತ್ತೆ. ಹಿಂದಿನ ರಾತ್ರಿ ಕೂತು ಡಾಕ್ಯುಮೆಂಟ್ ತುಂಬಿಸ್ತೀವಿ, ಸರ್ಟಿಫಿಕೇಟ್ ಬರುತ್ತೆ, ಆಮೇಲೆ ಅದೇ ಹಳೇ ಕಥೆ. ಸಂಜೆ ತಂಗಿಯೂ ಫೋನಿನಲ್ಲಿ ಅದನ್ನೇ ಕೇಳಿದಳು: "ಅಣ್ಣಾ, ಮಾನ್ಯತೆ ಇರೋ ಕಡೆ ಎಲ್ಲಾ ಚೆನ್ನಾಗಿ ಕಲಿಸ್ತಾರಾ?"

ಹಾಗೇನಿಲ್ಲ. ಗೊಂದಲ ಮಾನ್ಯತೆ ಕೊಡುವ ಕಡೆಯೂ ಇದೆ. ಕೇಂದ್ರದ ನರ್ಸಿಂಗ್ ಕೌನ್ಸಿಲ್ಲಿಗೆ 1947ರ ಕಾಯ್ದೆ, ರಾಜ್ಯದ ಕೌನ್ಸಿಲ್ಲಿಗೆ 1961ರ ಕಾಯ್ದೆ. ಕರ್ನಾಟಕದ ಕಾಲೇಜುಗಳಿಗೆ ಕೇಂದ್ರದ ಮಾನ್ಯತೆಯೂ ಬೇಕೇ ಅನ್ನೋ ಜಗಳ 2017ರಲ್ಲಿ ಜೋರಾಗಿ, ಹೈಕೋರ್ಟಿನ ಮೆಟ್ಟಿಲೂ ಹತ್ತಿತ್ತು. ನಮ್ಮ ಡಿಗ್ರಿ ಬೇರೆ ಕಡೆ ನಡೆಯುತ್ತೋ ಇಲ್ಲವೋ ಅಂತ ಕೇರಳದಿಂದ ಬಂದು ಓದುವ ಮಕ್ಕಳು ಚಿಂತೆಗೆ ಬಿದ್ದಿದ್ದರು. 2023ರಲ್ಲಿ ಸಂಸತ್ತು ಹೊಸ ಆಯೋಗಕ್ಕಾಗಿ ಕಾಯ್ದೆಯನ್ನೇ ಮಾಡಿತು.

ಆದರೂ ಮಾನ್ಯತೆ ಬೇಕು ಅನ್ನಿಸಿದ್ದು ಅರಳಗೋಡು ನೆನಪಾದಾಗ. 2018ರ ಕೊನೆಯಲ್ಲಿ ಜೋಗದ ಕಡೆಯ ಆ ಊರಿಗೆ ಮಂಗನ ಕಾಯಿಲೆ ಬಂತು. ಜ್ವರ ಬಂದವರನ್ನು ಸಾಗರಕ್ಕೆ, ಶಿವಮೊಗ್ಗಕ್ಕೆ, ಮಣಿಪಾಲಕ್ಕೆ ಸಾಗಿಸಿದರು. ಜನ ಸತ್ತರು. ಈ ಕಾಯಿಲೆಗೆ ಇದೇ ಅನ್ನೋ ಔಷಧಿಯಿಲ್ಲ, ಇರೋದು ಆರೈಕೆ. ಮೈಯಲ್ಲಿ ನೀರಿನಂಶ ಕಡಿಮೆಯಾಗದ ಹಾಗೆ, ಬಿಪಿ ಇಳಿಯದ ಹಾಗೆ ನೋಡ್ಕೋಬೇಕು. ಮೂಗಲ್ಲಿ, ವಸಡಲ್ಲಿ ರಕ್ತ ಬರ್ತಿದೆಯಾ ಅಂತ ಮತ್ತೆ ಮತ್ತೆ ನೋಡ್ತಿರಬೇಕು. ಮೈಕೈ ನೋವು ಅಂತ ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವ ಹೆಚ್ಚಾಗಬಹುದು ಅಂತ ಗೊತ್ತಿರಬೇಕು. ರಾತ್ರಿ ಎರಡು ಗಂಟೆಗೆ ಇದನ್ನೆಲ್ಲ ನೋಡುವವರು ನರ್ಸ್.

ಆ ಹೊತ್ತಲ್ಲಿ ಮಂಚದ ಮೇಲಿರೋ ಅಜ್ಜಿ "ನೀ ಎಲ್ಲಿ ಕಲ್ತಿದ್ದೇ?" ಅಂತ ಕೇಳೋದಿಲ್ಲ. ಹೋಟೆಲ್ ಸರಿಯಿಲ್ಲ ಅಂದ್ರೆ ನಾವು ಮತ್ತೆ ಹೋಗಲ್ಲ, ಆ್ಯಪ್ ಕೆಟ್ಟರೆ ತೆಗೆದುಹಾಕ್ತೀವಿ. ಅಜ್ಜಿಗೆ ಅದು ಸಾಧ್ಯವಿಲ್ಲ. ಅವಳು ಹುಷಾರಾಗಿದ್ದಾಗಲೇ ಅವಳ ಪರವಾಗಿ ಯಾರೋ ಹೋಗಿ ನೋಡಿರಬೇಕು: ಕಾಲೇಜಿಗೊಂದು ಆಸ್ಪತ್ರೆ ಇದೆಯಾ, ಅದರಲ್ಲಿ ರೋಗಿಗಳಿದ್ದಾರಾ, ಕಲಿಸೋರಿದ್ದಾರಾ, ಹುಡುಗಿ ಗೊಂಬೆಯ ಮೇಲಷ್ಟೇ ಅಲ್ಲ, ವಾರ್ಡಿನಲ್ಲಿ ನಿಂತೂ ಕಲಿತಳಾ? ಮಾನ್ಯತೆ ಅಂದ್ರೆ ಇಷ್ಟೇ. ಅದು ಒಳ್ಳೇ ನರ್ಸನ್ನು ತಯಾರು ಮಾಡಲ್ಲ, ಏನೂ ಕಲಿಯದವಳು ಅಜ್ಜಿಯ ಮಂಚದ ತನಕ ಬರದ ಹಾಗೆ ತಡೆಯೋಕೆ ನೋಡುತ್ತೆ. ಎಷ್ಟೋ ಸಲ ಸೋಲುತ್ತೆ. ಆಡಿಟ್ ನಾಟಕ ಅಂತ ಆಡಿಟ್ಟೇ ಬೇಡ ಅನ್ನೋದು ನನ್ನಂಥವನ ಸೋಮಾರಿತನ. ನಮ್ಮಲ್ಲಿ ನಾಟಕ ಬಯಲಾದ್ರೆ ಕ್ಲೈಂಟ್ ಬೈತಾನೆ. ಅಲ್ಲಿ ಬಯಲಾಗೋದೂ ಇಲ್ಲ, ಮನೆಯವರು ಹಣೆಬರಹ ಅಂತ ಸುಮ್ಮನಾಗ್ತಾರೆ.

ಚಿಕ್ಕಪ್ಪನಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. "ಕೌನ್ಸಿಲ್ಲಿನಲ್ಲಿ ರಿಜಿಸ್ಟ್ರೇಷನ್ ಆಗಲ್ಲ, ನಾಲ್ಕು ವರ್ಷ ಓದಿದ್ಮೇಲೂ ಕೆಲಸ ಸಿಗಲ್ಲ" ಅಂದೆ. ಪಕ್ಕದಲ್ಲಿದ್ದ ತಂಗಿ ಫೋನ್ ಇಸ್ಕೊಂಡು ಕೇಳಿದಳು: "ಸಿಕ್ಕಿಬಿಟ್ರೆ?"

ಸಣ್ಣಪುಟ್ಟ ನರ್ಸಿಂಗ್ ಹೋಮಲ್ಲಿ ಕಡಿಮೆ ಸಂಬಳಕ್ಕೆ ಸಿಗಲೂಬಹುದು. ನಾನು ಅವಳ ಕೆಲಸದ ಬಗ್ಗೆ ಮಾತ್ರ ಹೆದರಿದ್ದೆ. ಅವಳು ಆ ಕೆಲಸ ಸಿಕ್ಕ ಮೊದಲ ರಾತ್ರಿಯ ಬಗ್ಗೆ ಹೆದರಿದ್ದಳು.

ಅಡ್ವಾನ್ಸ್ ವಾಪಸ್ ಬರಲಿಲ್ಲ. ಈ ಸಲ ರಾಜ್ಯ ಕೌನ್ಸಿಲ್ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ, ಎರಡರ ಪಟ್ಟಿಯಲ್ಲೂ ಆ ವರ್ಷಕ್ಕೆ ಕಾಲೇಜಿನ ಹೆಸರಿದೆಯಾ ಅಂತ ನೋಡಿದ ಮೇಲೇ ದುಡ್ಡು ಕಟ್ಟಿದ್ವಿ. ತಂಗಿಗೆ ಅಷ್ಟೂ ಸಾಲಲಿಲ್ಲ. "ಮೊದ್ಲು ವಾರ್ಡ್ ತೋರ್ಸಿ ಸಾರ್" ಅಂತ ಆಫೀಸಿನ ಬಾಗಿಲಲ್ಲೇ ನಿಂತುಬಿಟ್ಟಳು. ತೋರಿಸಿದರು.