ದೈತ್ಯನನ್ನು ಹುಟ್ಟಿಸಿದವರು ಯಾರು?

ಹಳೆಯ ದೈತ್ಯಪ್ರಾಣಿಗಳ ಸಿನಿಮಾಗಳನ್ನು ಜನ ಇಂದಿಗೂ ಹುಡುಕಿಕೊಂಡು ನೋಡುತ್ತಾರೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡವನ್ನೇರಿದ ಕಿಂಗ್ ಕಾಂಗ್, ಟೋಕಿಯೋ ನಗರವನ್ನು ತುಳಿದು ಪುಡಿಮಾಡಿದ ಗಾಡ್ಜಿಲ್ಲಾ ಇವೆಲ್ಲ ರಬ್ಬರು, ಹತ್ತಿ ಮತ್ತು ತಂತಿಗಳ ಸೃಷ್ಟಿ ಎಂಬುದು ನಮಗೆ ಚೆನ್ನಾಗಿ ಗೊತ್ತು. ಆದರೂ ನಾವು ಹೆದರುತ್ತೇವೆ. ಅದಕ್ಕಿಂತಲೂ ವಿಚಿತ್ರವಾದ ಸಂಗತಿಯೆಂದರೆ, ಆ ದೈತ್ಯ ಸಾಯುವಾಗ ನಾವು ಮರುಗುತ್ತೇವೆ. ನಮ್ಮನ್ನು ತುಳಿಯಲು ಬಂದದ್ದಕ್ಕಾಗಿ ನಾವೇಕೆ ಮರುಗಬೇಕು? ಈ ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ಅದು ನಮ್ಮನ್ನು ಸಿನಿಮಾ ಮಂದಿರದಿಂದ ಬಹಳ ದೂರಕ್ಕೆ ಕರೆದೊಯ್ಯುತ್ತದೆ.

'ಕಿಂಗ್ ಕಾಂಗ್' ಬಂದದ್ದು 1933ರಲ್ಲಿ. ಅದರ ದೈತ್ಯ ವಾನರನಿಗೆ ಚಲನೆ ಕೊಟ್ಟವರು ವಿಲ್ಲಿಸ್ ಓಬ್ರಿಯನ್ ಎಂಬ ಕುಶಲಕರ್ಮಿ. ಪರದೆಯ ಮೇಲೆ ಬೆಟ್ಟದಂತೆ ಕಾಣುವ ಆ ಪ್ರಾಣಿ ನಿಜಕ್ಕೂ ಸುಮಾರು ಒಂದೂವರೆ ಅಡಿಯ ಒಂದು ಗೊಂಬೆ. ಒಳಗೆ ಕೀಲುಗಳುಳ್ಳ ಲೋಹದ ಅಸ್ಥಿಪಂಜರ, ಅದರ ಸುತ್ತ ಹತ್ತಿ ಮತ್ತು ರಬ್ಬರು, ಮೇಲೆ ಮೊಲದ ತುಪ್ಪಳ. ಗೊಂಬೆಯನ್ನು ತುಸುವೇ ಕದಲಿಸಿ ಒಂದು ಚಿತ್ರ ತೆಗೆಯಬೇಕು, ಮತ್ತೆ ತುಸು ಕದಲಿಸಿ ಇನ್ನೊಂದು. ಹೀಗೆ 24 ಚಿತ್ರಗಳಾದರೆ ಪರದೆಯ ಮೇಲೆ ಒಂದು ಸೆಕೆಂಡು. ಪ್ರತಿ ಸಲ ಮುಟ್ಟಿದಾಗಲೂ ಬೆರಳಿನ ಒತ್ತಡಕ್ಕೆ ತುಪ್ಪಳ ಚದುರುತ್ತಿತ್ತು. ಆದ್ದರಿಂದಲೇ ಸಿನಿಮಾದಲ್ಲಿ ಕಾಂಗ್‌ನ ಮೈಗೂದಲು ಸದಾ ಅಲುಗುತ್ತಿರುತ್ತದೆ. ಇದನ್ನು ತಾಂತ್ರಿಕ ದೋಷವೆನ್ನಬಹುದು. ಆದರೆ ಆ ದೈತ್ಯನ ಮೈಮೇಲೆ ಅವನನ್ನು ಮಾಡಿದ ಮನುಷ್ಯನ ಬೆರಳ ಗುರುತು ಹಾಗೆಯೇ ಉಳಿದಿದೆ ಎಂದೂ ಹೇಳಬಹುದಲ್ಲವೇ?

ಕಥೆಯೂ ಇದನ್ನೇ ಹೇಳುತ್ತದೆ. ಕಾಂಗ್ ತಾನಾಗಿ ನ್ಯೂಯಾರ್ಕಿಗೆ ಬಂದವನಲ್ಲ. ಅವನನ್ನು ಅವನ ದ್ವೀಪದಿಂದ ಹಿಡಿದು ತಂದು, ಸರಪಳಿ ಬಿಗಿದು, ಟಿಕೆಟ್ ಮಾರಿ ಪ್ರದರ್ಶನಕ್ಕಿಟ್ಟವನು ಒಬ್ಬ ಸಿನಿಮಾ ತಯಾರಕ. ಕೊನೆಗೆ ವಿಮಾನಗಳ ಗುಂಡೇಟು ತಿಂದು ಕಾಂಗ್ ಬೀದಿಗೆ ಉರುಳಿದಾಗ, ಆ ಮನುಷ್ಯ ಸಾವಿನ ಕಾರಣವನ್ನು ಒಬ್ಬ ಹೆಣ್ಣಿನ ಸೌಂದರ್ಯದ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತಾನೆ. ಆ ದ್ವೀಪದ ಜನರನ್ನು ಕಾಡುಮನುಷ್ಯರಂತೆ ಚಿತ್ರಿಸಿದ ಸಿನಿಮಾದಲ್ಲಿ ವಾನರನಿಗೆ ಸಿಕ್ಕ ಕರುಣೆ ಅವರಿಗೆ ಸಿಗಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಕಾಂಗ್‌ನ ಮೇಲೆ ಗುಂಡು ಹಾರಿಸುವ ವಿಮಾನವೊಂದರಲ್ಲಿ ಕುಳಿತವರು ಚಿತ್ರದ ನಿರ್ದೇಶಕರಾದ ಮೇರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೋಡ್‌ಸ್ಯಾಕ್. ಹುಟ್ಟಿಸಿದವರೇ ಕೊಲ್ಲಲೂ ಬಂದರು. ನಮ್ಮ ಮರುಕದ ಮೂಲ ಇಲ್ಲಿದೆ. ದೈತ್ಯ ತಾನಾಗಿ ದೈತ್ಯನಾಗಲಿಲ್ಲ, ಅವನನ್ನು ಯಾರೋ ಹಾಗೆ ಮಾಡಿದರು ಎಂಬುದು ನಮ್ಮ ಒಳಮನಸ್ಸಿಗೆ ತಿಳಿದಿರುತ್ತದೆ.

ಎರಡು ದಶಕಗಳ ನಂತರ ಇದೇ ಪ್ರಶ್ನೆ ಕಥೆಯ ಎಲ್ಲೆ ದಾಟಿ ನಿಜಜೀವನಕ್ಕೆ ಬಂತು. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬನ್ನು ಪರೀಕ್ಷಿಸಿತು. ಅದರ ಶಕ್ತಿ 15 ಮೆಗಾಟನ್. ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಸುಮಾರು ಸಾವಿರ ಪಟ್ಟು. ವಿಜ್ಞಾನಿಗಳು ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಹೆಚ್ಚು. ಘೋಷಿತ ಅಪಾಯ ವಲಯದ ಹೊರಗೆ ಮೀನು ಹಿಡಿಯುತ್ತಿದ್ದ 'ಡೈಗೋ ಫುಕುರ್ಯು ಮಾರು' ಎಂಬ ಜಪಾನೀ ದೋಣಿಯ ಮೇಲೆ ಬಿಳಿಯ ಬೂದಿ ಸುರಿಯಿತು. ಅದರಲ್ಲಿದ್ದ 23 ಮಂದಿಯೂ ವಿಕಿರಣದ ಕಾಯಿಲೆಗೆ ತುತ್ತಾದರು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಹತ್ತಿರದ ರೊಂಗೆಲಾಪ್ ದ್ವೀಪದ ಜನರ ಮೇಲೂ ಅದೇ ಬೂದಿ ಬಿತ್ತು. ಅದೇನೆಂದು ಅರಿಯದ ಮಕ್ಕಳು ಅದರಲ್ಲಿ ಆಟವಾಡಿದರು.

ಕುಬೊಯಾಮಾ ತೀರಿಕೊಂಡು ಆರು ವಾರ ತುಂಬುವ ಮೊದಲೇ, ನವೆಂಬರ್ 3ರಂದು, ಜಪಾನಿನಲ್ಲಿ 'ಗೊಜಿರಾ' ಬಿಡುಗಡೆಯಾಯಿತು. ಜಗತ್ತು ಮುಂದೆ 'ಗಾಡ್ಜಿಲ್ಲಾ' ಎಂದು ಕರೆದದ್ದು ಇದನ್ನೇ. ಸಿನಿಮಾ ಆರಂಭವಾಗುವುದೇ ಒಂದು ಹಡಗಿನಿಂದ. ನಾವಿಕರು ವಿಶ್ರಮಿಸುತ್ತಿರುವಾಗ ಸಮುದ್ರದಲ್ಲಿ ಕಣ್ಣು ಕುಕ್ಕುವ ಬೆಳಕು, ಬಳಿಕ ಬೆಂಕಿ. ಅಂದಿನ ಪ್ರೇಕ್ಷಕರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿರಲಿಲ್ಲ. ಹೈಡ್ರೋಜನ್ ಬಾಂಬ್ ಪರೀಕ್ಷೆಯಿಂದ ನೆಲೆ ಕಳೆದುಕೊಂಡ ಪ್ರಾಚೀನ ಪ್ರಾಣಿಯೊಂದು ನಗರಕ್ಕೆ ನುಗ್ಗುತ್ತದೆ. ಮರುದಿನ ಆಸ್ಪತ್ರೆಯಲ್ಲಿ ವಿಕಿರಣ ಮಾಪಕವನ್ನು ಒಂದು ಮಗುವಿನ ಬಳಿ ಹಿಡಿದ ವೈದ್ಯ ಸುಮ್ಮನೆ ತಲೆಯಲ್ಲಾಡಿಸುತ್ತಾನೆ. ನಿರ್ದೇಶಕ ಇಶಿರೋ ಹೋಂಡಾ ಸ್ವತಃ ಸೈನಿಕರಾಗಿದ್ದವರು. ಯುದ್ಧ ಮುಗಿದು ಮನೆಗೆ ಮರಳುವಾಗ ಹಿರೋಷಿಮಾದ ಅವಶೇಷಗಳನ್ನು ಕಣ್ಣಾರೆ ಕಂಡವರು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಜನರ ಗಾಯ ಹಸಿಯಾಗಿರುವಾಗಲೇ ಅದನ್ನು ಮನರಂಜನೆಯ ಸರಕಾಗಿಸುವುದು ಉರಿಯುವ ಮನೆಯಲ್ಲಿ ಗಳ ಹಿರಿದಂತಾಗಲಿಲ್ಲವೇ? ಅಂದಿನ ಜಪಾನಿನ ಕೆಲವು ವಿಮರ್ಶಕರು ಈ ಮಾತನ್ನೇ ಆಡಿದ್ದರು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಉತ್ತರ ಬೇಕಿದ್ದರೆ ಆ ದೃಶ್ಯಗಳ ಹಿಂದಿದ್ದ ಕೈಗಳನ್ನು ನೋಡಬೇಕು.

'ಗೊಜಿರಾ'ದ ತಂತ್ರದೃಶ್ಯಗಳನ್ನು ರೂಪಿಸಿದವರು ಎಯ್ಜಿ ತ್ಸುಬುರಾಯ. ಓಬ್ರಿಯನ್ನರಂತೆ ಗೊಂಬೆಯನ್ನು ಇಂಚಿಂಚಾಗಿ ಕದಲಿಸಲು ಅವರಿಗೆ ಸಮಯವಿರಲಿಲ್ಲ. ಆದ್ದರಿಂದ ಸುಮಾರು 100 ಕಿಲೋ ತೂಕದ ಉಡುಪಿನೊಳಗೆ ಹರುವೊ ನಕಜಿಮಾ ಎಂಬ ನಟನನ್ನು ನಿಲ್ಲಿಸಿದರು. ಇಪ್ಪತ್ತೈದನೇ ಒಂದು ಪಾಲು ಅಳತೆಯಲ್ಲಿ ಟೋಕಿಯೋದ ಕಟ್ಟಡಗಳನ್ನು ಕಟ್ಟಿಸಿದರು. ಆಗ ಎರಡು ಮೀಟರ್ ಎತ್ತರದ ಉಡುಪು ಐವತ್ತು ಮೀಟರ್ ಎತ್ತರದ ದೈತ್ಯನಾಗುತ್ತದೆ. ಆದರೆ ಪುಟ್ಟ ಕಟ್ಟಡ ಬೀಳಲು ಕ್ಷಣಮಾತ್ರ ಸಾಕು, ಅದರಲ್ಲಿ ಭಾರವೇ ಕಾಣುವುದಿಲ್ಲ. ಹಾಗಾಗಿ ಕ್ಯಾಮೆರಾವನ್ನು ಅತಿ ವೇಗವಾಗಿ ಓಡಿಸಿ ಚಿತ್ರೀಕರಿಸಿ, ಸಾಮಾನ್ಯ ವೇಗದಲ್ಲಿ ತೋರಿಸುತ್ತಿದ್ದರು. ಆಗ ಗೋಡೆ ನಿಧಾನವಾಗಿ ಕುಸಿಯುತ್ತದೆ, ನಮ್ಮ ಎದೆಯೂ ಅದರೊಂದಿಗೆ ಕುಸಿಯುತ್ತದೆ.

ಈ ವಿದ್ಯೆಯನ್ನು ತ್ಸುಬುರಾಯ ಅದಾಗಲೇ ಬೇರೊಂದು ಉದ್ದೇಶಕ್ಕೆ ಬಳಸಿದ್ದರು. 1942ರಲ್ಲಿ, ಪರ್ಲ್ ಹಾರ್ಬರ್ ದಾಳಿಯ ವರ್ಷಾಚರಣೆಗೆಂದು ತಯಾರಾದ ಯುದ್ಧಪ್ರಚಾರದ ಸಿನಿಮಾಕ್ಕೆ ಆ ಬಂದರಿನ ಪುಟ್ಟ ಮಾದರಿಯನ್ನು ಕಟ್ಟಿ ಅದರ ಮೇಲೆ ಬಾಂಬ್ ಸುರಿಸಿದವರು ಅವರೇ. ಅಂದು ಬೆಂಕಿ ಹೊತ್ತಿದಾಗ ಪ್ರೇಕ್ಷಕರು ಹೆಮ್ಮೆ ಪಡಬೇಕಿತ್ತು. ಹನ್ನೆರಡು ವರ್ಷಗಳ ನಂತರ ಅದೇ ಕೈ, ಅದೇ ಪುಟ್ಟ ಕಟ್ಟಡಗಳು, ಅದೇ ಬೆಂಕಿ. ಆದರೆ ಈ ಸಲ ಕ್ಯಾಮೆರಾ ನಿಂತದ್ದು ಬಾಂಬಿನ ಕೆಳಗಿದ್ದವರ ಪಕ್ಕದಲ್ಲಿ. ಕುಶಲತೆ ತನಗೆ ತಾನೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ ಎಂದು ನಾವು ಹೇಳುತ್ತಿರುತ್ತೇವೆ. ಅದು ಅರ್ಧ ಸತ್ಯ ಮಾತ್ರ. ಕುಶಲತೆ ಯಾವಾಗಲೂ ಯಾರದೋ ಪಕ್ಕದಲ್ಲಿ ನಿಂತಿರುತ್ತದೆ. ಎಲ್ಲಿ ನಿಲ್ಲಬೇಕೆಂಬ ತೀರ್ಮಾನ ಮನುಷ್ಯನದು.

ಈ ಸಿನಿಮಾದ ವಿಜ್ಞಾನಿ ಸೆರಿಜಾವಾ ಎದುರಿಸುವುದೂ ಇದೇ ತೀರ್ಮಾನವನ್ನು. ನೀರಿನೊಳಗಿನ ಆಮ್ಲಜನಕವನ್ನೇ ನಾಶ ಮಾಡುವ ಸಾಧನವೊಂದನ್ನು ಆತ ಕಂಡುಹಿಡಿದಿದ್ದಾನೆ. ದೈತ್ಯನನ್ನು ಕೊಲ್ಲಲು ಅದೊಂದೇ ದಾರಿ. ಆದರೆ ಒಮ್ಮೆ ಬಳಸಿದರೆ ಆಳುವವರು ಅದನ್ನು ಮತ್ತೊಂದು ಬಾಂಬಾಗಿಸದೆ ಬಿಡುವುದಿಲ್ಲ ಎಂಬುದು ಅವನಿಗೆ ಗೊತ್ತು. ಬಳಸದಿದ್ದರೆ ಇನ್ನೂ ಸಾವಿರಾರು ಜನ ಸಾಯುತ್ತಾರೆ. ಕೊನೆಗೆ ಆತ ತನ್ನ ಬರಹಗಳನ್ನೆಲ್ಲ ಸುಟ್ಟು, ಸಮುದ್ರದ ತಳಕ್ಕಿಳಿದು, ದೈತ್ಯನೊಂದಿಗೆ ತಾನೂ ಸಾಯುತ್ತಾನೆ. ಆತ್ಮನಾಶವನ್ನು ನಾವು ಆದರ್ಶವೆಂದು ಒಪ್ಪಲಾರೆವು. ಆದರೆ ಅದರ ಹಿಂದಿನ ನೈತಿಕ ಕಳವಳವನ್ನು ಒಪ್ಪದೆ ಇರಲೂ ಆಗದು. ತನ್ನ ಜ್ಞಾನದ ಪರಿಣಾಮಕ್ಕೆ ತಾನೇ ಹೊಣೆ ಎಂದು ಹೇಳುವವರು ಎಷ್ಟು ಮಂದಿ ಸಿಗುತ್ತಾರೆ?

ಇದಕ್ಕೆ ಒಂದು ವರ್ಷ ಮೊದಲು ಅಮೆರಿಕದಲ್ಲಿ 'ದ ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್' ಬಂದಿತ್ತು. ಅದರ ಪ್ರಾಣಿಗೆ ಜೀವ ತುಂಬಿದವರು ಬಾಲ್ಯದಲ್ಲಿ 'ಕಿಂಗ್ ಕಾಂಗ್' ನೋಡಿ ಮರುಳಾಗಿದ್ದ ರೇ ಹ್ಯಾರಿಹೌಸನ್. ಅವರ ಕೈಚಳಕ ಅದ್ಭುತ. ಅಲ್ಲಿಯೂ ಪ್ರಾಣಿಯನ್ನು ಎಬ್ಬಿಸುವುದು ಅಣುಪರೀಕ್ಷೆಯೇ. ಆದರೆ ಅದನ್ನು ಕೊಲ್ಲುವುದೂ ವಿಕಿರಣ ವಸ್ತುವೇ. ರೋಗ ಕೊಟ್ಟವರೇ ಮದ್ದು ಕೊಟ್ಟು ಗೆಲ್ಲುತ್ತಾರೆ, ಲೆಕ್ಕ ಅಲ್ಲಿಗೆ ಮುಗಿಯುತ್ತದೆ. 'ಗೊಜಿರಾ'ದಲ್ಲಿ ಲೆಕ್ಕ ಮುಗಿಯುವುದಿಲ್ಲ. ಪರೀಕ್ಷೆಗಳು ನಿಲ್ಲದಿದ್ದರೆ ಇಂಥದ್ದು ಇನ್ನೊಂದು ಬರಬಹುದು ಎಂಬ ಎಚ್ಚರಿಕೆಯನ್ನು ವೃದ್ಧ ವಿಜ್ಞಾನಿಯೊಬ್ಬ ಕೊನೆಯಲ್ಲಿ ನುಡಿಯುತ್ತಾನೆ. 1956ರಲ್ಲಿ ಅಮೆರಿಕದ ಪ್ರೇಕ್ಷಕರಿಗಾಗಿ ಚಿತ್ರವನ್ನು ಕತ್ತರಿಸಿ, ಒಬ್ಬ ಅಮೆರಿಕನ್ ಪತ್ರಕರ್ತನ ಪಾತ್ರವನ್ನು ಸೇರಿಸಿದರು. ಆಗ ಈ ಎಚ್ಚರಿಕೆಯ ಜಾಗಕ್ಕೆ ನೆಮ್ಮದಿಯ ಮಾತು ಬಂತು. ರೈಲಿನಲ್ಲಿ ತಾನು ನಾಗಸಾಕಿಯಲ್ಲಿ ಬದುಕುಳಿದದ್ದನ್ನು ನೆನೆಯುವ ಹೆಣ್ಣಿನ ಮಾತೂ ಹೋಯಿತು. ದೈತ್ಯ ಉಳಿದ, ಬೆಂಕಿ ಉಳಿಯಿತು. ಹುಟ್ಟಿಸಿದವರು ಯಾರು ಎಂಬ ಪ್ರಶ್ನೆ ಮಸುಕಾಯಿತು. ಗಳ ಹಿರಿಯುವುದು ಎಂದರೆ ನಮ್ಮ ಪ್ರಕಾರ ಇದು. ನೋವನ್ನು ತೋರಿಸುವುದು ಅಪರಾಧವಲ್ಲ, ನೋವನ್ನು ತೋರಿಸಿ ಅದರ ಕಾರಣವನ್ನು ಅಡಗಿಸುವುದು ಅಪರಾಧ.

ಭಯವೆಂಬುದು ಎರಡಲಗಿನ ಕತ್ತಿ. ಅದನ್ನು ಬಳಸಿ ಒಂದು ಜನಸಮುದಾಯವನ್ನೇ ದೈತ್ಯನೆಂದು ತೋರಿಸಬಹುದು. ನಮ್ಮ ಕಾಲ ಇದನ್ನು ಧಾರಾಳವಾಗಿ ಕಂಡಿದೆ. ಅದೇ ಭಯದಿಂದ ಎಚ್ಚೆತ್ತು ಹೊಣೆಯನ್ನೂ ಹೊರಬಹುದು. 1954ರಲ್ಲೇ ಟೋಕಿಯೋದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಹೈಡ್ರೋಜನ್ ಬಾಂಬಿನ ವಿರುದ್ಧ ಮನೆಮನೆಗೆ ತಿರುಗಿ ಸಹಿ ಸಂಗ್ರಹಿಸತೊಡಗಿದರು. ಮರುವರ್ಷದ ಆಗಸ್ಟ್ ಹೊತ್ತಿಗೆ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಸಹಿಗಳಾಗಿದ್ದವು. ಆ ಎಚ್ಚರದಿಂದ ಬಲ ಪಡೆದು 1956ರಲ್ಲಿ ಹುಟ್ಟಿದ, ಬಾಂಬ್ ದಾಳಿಯಲ್ಲಿ ಬದುಕುಳಿದವರ ಸಂಘಟನೆ 'ನಿಹೊನ್ ಹಿದಾಂಕ್ಯೊ'ಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. ಅದೇ ವರ್ಷ 'ಗಾಡ್ಜಿಲ್ಲಾ ಮೈನಸ್ ಒನ್' ಎಂಬ ಜಪಾನೀ ಸಿನಿಮಾ ತಂತ್ರದೃಶ್ಯಗಳಿಗಾಗಿ ಆಸ್ಕರ್ ಪಡೆಯಿತು. ಈಗ ರಬ್ಬರಿನ ಬದಲು ಕಂಪ್ಯೂಟರ್ ಇದೆ. ಆದರೆ ಜಗತ್ತಿನ ಉಗ್ರಾಣಗಳಲ್ಲಿ 12,000ಕ್ಕೂ ಹೆಚ್ಚು ಅಣ್ವಸ್ತ್ರಗಳು ಹಾಗೆಯೇ ಇವೆ.

ಆ ಬೂದಿ ಬಿದ್ದ ದೋಣಿಯ ಗತಿಯೇನಾಯಿತು? ಹೆಸರು ಬದಲಾಗಿ, ಬೇರೆ ಕೆಲಸಕ್ಕೆ ಬಳಕೆಯಾಗಿ, ಕೊನೆಗೆ ಅದು ಟೋಕಿಯೋದ ಕಸ ತುಂಬುವ ಯುಮೆನೊಶಿಮಾದಲ್ಲಿ ಅನಾಥವಾಗಿ ಬಿದ್ದಿತ್ತು. ರಬ್ಬರಿನ ದೈತ್ಯ ಮಕ್ಕಳ ಆಟಿಕೆಯಾಗಿ ಜಗತ್ತಿನಾದ್ಯಂತ ಮಾರಾಟವಾಗುತ್ತಿದ್ದ ಕಾಲವದು. ಸಾಮಾನ್ಯ ನಾಗರಿಕರು ಹೋರಾಡಿ ಆ ದೋಣಿಯನ್ನು ಉಳಿಸಿಕೊಂಡರು. 1976ರಿಂದ ಅದು ಅಲ್ಲಿಯೇ ಒಂದು ವಸ್ತುಸಂಗ್ರಹಾಲಯದಲ್ಲಿದೆ. ಅದರ ಮರದ ಹಲಗೆಗಳಲ್ಲಿ ಯಾವ ತಂತ್ರದೃಶ್ಯವೂ ಇಲ್ಲ. ದೈತ್ಯನನ್ನು ನೋಡಿ ಬೆರಗಾಗುವವರು ಈ ದೋಣಿಯನ್ನೂ ನೆನಪಿಟ್ಟುಕೊಂಡರೆ, ನಮ್ಮ ಭಯಕ್ಕೂ ಮರುಕಕ್ಕೂ ಒಂದು ಅರ್ಥ ಬಂದೀತು.