ಮನೆಮಠವಿಲ್ಲದ ಗೃಹಸ್ಥರು

ಒಬ್ಬನನ್ನು ಹಳಿಯಬೇಕಾದಾಗ ನಮ್ಮ ಜನ ‘ಅವನಿಗೆ ಮನೆಯಿಲ್ಲ, ಮಠವಿಲ್ಲ’ ಎನ್ನುತ್ತಾರೆ. ಹೊಗಳಬೇಕಾದಾಗ ‘ಅವನು ದೊಡ್ಡ ಗೃಹಸ್ಥ’ ಎನ್ನುತ್ತಾರೆ. ಗೃಹಸ್ಥನೆಂದರೆ ಅಕ್ಷರಶಃ ಮನೆಯಲ್ಲಿ ನಿಂತವನು. ನಿಂತವನು ಮರ್ಯಾದಸ್ಥ, ನಿಲ್ಲದವನು ಸಂಶಯಕ್ಕೆ ಪಾತ್ರ ಎಂಬ ತೀರ್ಪು ಹೀಗೆ ನಮ್ಮ ಮಾತಿನೊಳಗೇ ಕುಳಿತುಬಿಟ್ಟಿದೆ. ಬಾಡಿಗೆಯ ಮನೆ ಕೇಳಲು ಹೋದವನಿಗೂ ಹೆಣ್ಣು ಕೇಳಲು ಹೋದವನಿಗೂ ಮೊದಲು ಎದುರಾಗುವ ಪ್ರಶ್ನೆ ‘ಯಾವೂರಾತು ನಿಮ್ಮದು?’ ಎಂಬುದೇ. ಇದಕ್ಕೆ ಉತ್ತರ ಹೇಳಲಾರದವನು ಮುಂದೆ ಏನು ಹೇಳಿದರೂ ಕೇಳುವವರಿಲ್ಲ.

ಆದರೆ ಈಚೆಗೆ ನಮ್ಮ ಈ ತೀರ್ಪಿಗೆ ಒಂದು ವಿನಾಯಿತಿ ಹುಟ್ಟಿಕೊಂಡಿದೆ. ಅಮೇರಿಕೆಯಲ್ಲಿ ಇದ್ದ ಮನೆಯನ್ನು ಮಾರಿ, ಬಸ್ಸಿನಷ್ಟು ದೊಡ್ಡ ಮೋಟಾರು ಗಾಡಿಯಲ್ಲಿಯೇ ಅಡಿಗೆಮನೆ, ಬಚ್ಚಲು, ಮಲಗುವ ಅಟ್ಟ ಎಲ್ಲವನ್ನೂ ಮಾಡಿಕೊಂಡು, ಹೆಂಡತಿ ಮಕ್ಕಳೊಡನೆ ವರ್ಷವಿಡೀ ಊರಿಂದೂರಿಗೆ ಹೋಗುವ ಸಂಸಾರಗಳಿವೆ. ಮಕ್ಕಳ ಪಾಠವೂ ಗಾಡಿಯಲ್ಲೇ, ಯಜಮಾನನ ಕಚೇರಿಯೂ ಗಾಡಿಯಲ್ಲೇ. ಈ ಗಾಳಿ ನಮ್ಮ ಕಡೆಗೂ ಬೀಸಿದೆ. ಕೇರಳ ಸರಕಾರ 2021ರಲ್ಲಿ ಪ್ರವಾಸಿಗರಿಗಾಗಿ ಇಂಥ ಗಾಡಿಗಳ ಒಂದು ಯೋಜನೆಯನ್ನೇ ಹೊರಡಿಸಿತು. ಫೋನಿನಲ್ಲಿ ಇವರ ಚಿತ್ರಗಳನ್ನು ನೋಡಿ ನಾವು ‘ಎಂಥ ಪುಣ್ಯವಂತರು! ಬದುಕಿದರೆ ಹೀಗೆ ಬದುಕಬೇಕು’ ಎನ್ನುತ್ತೇವೆ. ಅದೇ ಸಂಜೆ ನಮ್ಮೂರ ಹೊರಗಿನ ಬಯಲಿನಲ್ಲಿ ನಾಲ್ಕು ಗಾಡಿಗಳು ಬಂದು ನಿಂತು, ಮೂರು ಕಲ್ಲಿನ ಒಲೆಯಿಂದ ಹೊಗೆ ಎದ್ದರೆ, ‘ಬಾಗಿಲು ಭದ್ರ ಮಾಡಿಕೊಳ್ಳಿ, ಯಾರೋ ಬಂದಿದ್ದಾರೆ’ ಎನ್ನುತ್ತೇವೆ. ಎರಡೂ ಕಡೆ ಇರುವುದು ಒಂದೇ ಸಂಗತಿ: ಮನೆಯಿಲ್ಲದ ಸಂಸಾರ. ಹಾಗಾದರೆ ನಾವು ತೂಗಿ ನೋಡುತ್ತಿರುವುದು ಅಲೆದಾಟದ ಗುಣದೋಷವನ್ನೋ, ಅಲೆಯುವವನ ಜೇಬನ್ನೋ?

ಈ ಪ್ರಶ್ನೆಗೆ ಬಾಗಲಕೋಟೆ ಜಿಲ್ಲೆಗಿಂತ ಒಳ್ಳೆಯ ನೆಲ ಸಿಕ್ಕುವುದು ಕಷ್ಟ. ಮಳೆಗಾಲ ಹಿಂಜರಿದ ಮೇಲೆ ಈ ಸೀಮೆಯ ಕುರುಬರು ಕುರಿಹಿಂಡಿನೊಡನೆ ಹೊರಡುತ್ತಾರೆ. ಎಷ್ಟೋ ಕಡೆ ಗಂಡಸರೊಂದಿಗೆ ಇಡೀ ಸಂಸಾರವೇ ಹೊರಡುತ್ತದೆ. ಕುದುರೆಯದೋ ಕತ್ತೆಯದೋ ಬೆನ್ನ ಮೇಲೆ ಪಾತ್ರೆ, ಕಂಬಳಿ, ಕೋಳಿ, ಆಗತಾನೆ ಹುಟ್ಟಿದ ಮರಿ, ಕೆಲವೊಮ್ಮೆ ನಡೆಯಲಾರದ ಕೂಸು. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ತರುಬಿಸಿದರೆ ನೆಲಕ್ಕೆ ಗೊಬ್ಬರ; ಹೊಲದೊಡೆಯ ಜೋಳವನ್ನೋ ದುಡ್ಡನ್ನೋ ಕೊಡುತ್ತಾನೆ. ಬಾದಾಮಿಯ ಬನಶಂಕರಿಯಲ್ಲಿ ಪುಷ್ಯ ಮಾಸದ ಬನದ ಹುಣ್ಣಿಮೆಗೆ ಜಾತ್ರೆ ಕೂಡಿದಾಗ ವೃತ್ತಿ ನಾಟಕ ಕಂಪನಿಗಳು ಬಂದು ಡೇರೆ ಹಾಕಿ ತಿಂಗಳುಗಟ್ಟಲೆ ಆಟವಾಡುತ್ತವೆ. ರಂಗದ ಮೇಲೆ ರಾಜನ ಅರಮನೆ; ಪರದೆಯ ಹಿಂದೆ ನಟನಟಿಯರ ಬಿಡಾರ, ತೊಟ್ಟಿಲು, ಒಲೆ. ಜಾತ್ರೆ ಮುಗಿದರೆ ಅರಮನೆಯೂ ತೊಟ್ಟಿಲೂ ಒಂದೇ ಲಾರಿಯಲ್ಲಿ ಮುಂದಿನೂರಿಗೆ.

ಇವರೆಲ್ಲರಿಗಿಂತ ನನಗೆ ಹೆಚ್ಚು ಅರ್ಥವುಳ್ಳವರಾಗಿ ಕಾಣುವವರು ಹೆಳವರು. ಒಕ್ಕಲು ಮನೆತನಗಳ ವಂಶಾವಳಿಯನ್ನು ಬಲ್ಲವರು ಇವರು. ಕೆಲವು ವರ್ಷಗಳಿಗೊಮ್ಮೆ ಸಂಸಾರ ಸಮೇತ ಬಂದು ಊರ ಹೊರಗೆ ಬಿಡಾರ ಹೂಡುತ್ತಾರೆ. ಬೆಳಗಾದರೆ ತಮ್ಮ ಪಾಲಿಗೆ ಬಂದ ಮನೆಗಳ ಮುಂದೆ ನಿಂತು ಆ ಮನೆಯ ಮುತ್ತಾತನ ಮುತ್ತಾತನ ಹೆಸರು, ಅವನ ಮೂಲದ ಊರು, ಅವನ ಮಕ್ಕಳು, ಅವರು ಕವಲೊಡೆದು ಹೋದ ಊರುಗಳು, ಎಲ್ಲವನ್ನೂ ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನು ಸೇರಿಸಿಕೊಂಡು, ಕಾಳು ಕಾಣಿಕೆ ಪಡೆದು ಮುಂದಕ್ಕೆ ನಡೆಯುತ್ತಾರೆ. ಇಲ್ಲಿರುವ ವಿಪರ್ಯಾಸವನ್ನು ನೋಡಿ: ನಾಲ್ಕು ಅಂಕಣದ ಮನೆ ಕಟ್ಟಿ ತಲೆಮಾರುಗಳಿಂದ ಒಂದೇ ಕಡೆ ಇರುವವನಿಗೆ ತನ್ನ ಅಜ್ಜನಾಚೆ ಯಾರೂ ನೆನಪಿಲ್ಲ, ಗಾಡಿಯಲ್ಲಿ ಬಾಳುವೆ ಮಾಡುವವನು ಆ ಮನೆಯ ನೆನಪನ್ನು ಹೊತ್ತು ತಿರುಗುತ್ತಿದ್ದಾನೆ. ಅವನು ಹೇಳುವುದನ್ನು ಕಿವಿಗೊಟ್ಟು ಕೇಳಿದರೆ ಇನ್ನೊಂದು ಸತ್ಯವೂ ತಿಳಿಯುತ್ತದೆ. ಎಷ್ಟೋ ಮನೆತನಗಳ ಕಥೆ ಇನ್ನೊಂದು ಊರಿನಿಂದಲೇ ಆರಂಭವಾಗುತ್ತದೆ. ನಾವು ಮೊದಲಿನಿಂದ ನಿಂತವರೇನೂ ಅಲ್ಲ. ನಡೆದು ಬಂದದ್ದನ್ನು ಮರೆತವರು, ಅಷ್ಟೆ.

ನಾಡಿನ ಇತಿಹಾಸವೂ ಈ ಮಾತಿಗೆ ಸಾಕ್ಷಿ ನುಡಿಯುತ್ತದೆ. ಹುನಗುಂದ ತಾಲೂಕಿನ ಐಹೊಳೆಯನ್ನು ಇಂದು ನಾವು ಗುಡಿಗಳ ಊರೆಂದು, ಅಂದರೆ ಕಲ್ಲಾಗಿ ನಿಂತ ಊರೆಂದು ಬಲ್ಲೆವು. ಆದರೆ ಅದರ ಹೆಸರನ್ನು ಹೊರಗೆ ಒಯ್ದವರು ಅಯ್ಯಾವೊಳೆಯ ಐನೂರ್ವರೆಂಬ ಸಂಚಾರಿ ವರ್ತಕರು. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ಸಿಕ್ಕ 1088ರ ತಮಿಳು ಶಾಸನವೊಂದು ಈ ಐನೂರ್ವರ ಸಂಘವನ್ನು ಹೆಸರಿಸುತ್ತದೆ. ಅದೇ ತಾಲೂಕಿನ ಕೂಡಲಸಂಗಮ ಬಸವಣ್ಣನವರ ಹೆಸರಿನೊಡನೆ ಬೆಸೆದ ಕ್ಷೇತ್ರ. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಸಾರಿದ ಧರ್ಮ ಬೆಳೆದ ನೆಲ ಇದು. ಜಂಗಮವೆಂಬ ಮಾತಿಗೆ ಶರಣರು ಕೊಟ್ಟ ಅರ್ಥ ಕೇವಲ ಕಾಲ್ನಡೆಯದಲ್ಲ, ಅರಿವಿನದು ಎಂಬುದನ್ನು ನಾನು ಬಲ್ಲೆ. ಆದರೂ ಆ ಮಾತನ್ನು ಪೂಜಿಸುವ ಊರು, ನಿಜವಾಗಿ ನಡೆದು ಬಂದವನನ್ನು ಊರ ಹೊರಗೇ ನಿಲ್ಲಿಸುವುದು ಒಪ್ಪತಕ್ಕದ್ದಲ್ಲ.

ಇನ್ನು ಎದುರು ಪಕ್ಷದ ಮಾತನ್ನೂ ಕೇಳೋಣ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಒಂದೆಡೆ ನೆಲೆನಿಂತವನಿಗೆ ನೆರೆಹೊರೆಯ ಹೊಣೆಯಿದೆ. ಕೆರೆಯ ಹೂಳನ್ನು ಅವನು ತೆಗೆಯಬೇಕು, ಶಾಲೆಯ ಗೋಡೆಯನ್ನು ಅವನು ಎಬ್ಬಿಸಬೇಕು, ಜಗಳವಾಡಿದ ನೆರೆಯವನ ಮುಖವನ್ನು ನಾಳೆ ಮತ್ತೆ ನೋಡಬೇಕು. ಇಳಕಲ್ಲಿನ ನೇಕಾರನನ್ನು ನೋಡಿ. ಅವನ ಕುಣಿಮಗ್ಗ ಮನೆಯ ನೆಲವನ್ನೇ ತೋಡಿ ಹೂಡಿದ್ದು. ಆ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವನು ಮಗ್ಗ ಬಿಟ್ಟು ಎಲ್ಲಿಗೆ ಹೋದಾನು? ಅವನ ಸೀರೆಯ ಸೊಗಸು ಅವನು ನೆಲಕ್ಕೆ ಅಂಟಿ ಕುಳಿತದ್ದರ ಫಲ. ಗಾಡಿ ಹೂಡಿ ಹೊರಟವನು ಈ ಹೊಣೆಯಿಂದ ಜಾರಿಕೊಳ್ಳುತ್ತಾನೆ ಎಂಬ ಆಕ್ಷೇಪ ಕೆಲವರ ಮಟ್ಟಿಗೆ ನಿಜ. ಜಗಳವಾದೊಡನೆ, ಬೇಸರವಾದೊಡನೆ ಜಾಗ ಬದಲಿಸುವುದು ಓಟವೇ ಹೊರತು ಸಂಚಾರವಲ್ಲ. ಆದರೆ ಹೆಳವನೂ ಕುರುಬನೂ ಓಡುವವರಲ್ಲ, ತಿರುಗಿ ಬರುವವರು. ಮುಂದಿನ ಸುಗ್ಗಿಗೆ ಅದೇ ಹೊಲದಲ್ಲಿ ಕುರಿ ತರುಬಿಸಬೇಕಾದವನು ಈ ವರುಷ ಆ ಹೊಲದವನಿಗೆ ಮೋಸ ಮಾಡಿಯಾನೆ? ಅವನಿಗೂ ನೆರೆಹೊರೆಯಿದೆ, ಅದು ನಮ್ಮ ಓಣಿಗಿಂತ ಉದ್ದವಾಗಿದೆ, ಇಷ್ಟೇ ವ್ಯತ್ಯಾಸ.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಗಂಡಹೆಂಡಿರು ಬೇಕಾದರೆ ಅಲೆಯಲಿ; ತಮ್ಮ ಇಚ್ಛೆಗಾಗಿ ಮಕ್ಕಳನ್ನು ಅಲೆದಾಡಿಸಲು ಅವರಿಗೇನು ಅಧಿಕಾರ? ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯಲ್ಲಿ ಎರಡೂ ಇವೆ. ಮೋಟಾರು ಗಾಡಿಯ ಮಗುವಿಗೆ ದೇಶವೂ ಉಂಟು, ಕೋಶವೂ ಉಂಟು. ಕುರಿಹಿಂಡಿನ ಹಿಂದೆ ನಡೆಯುವ ಮಗುವಿಗೆ ದೇಶ ಮಾತ್ರ. ಊರಿನಲ್ಲಿ ಕೂತ ನಮ್ಮ ಮಗುವಿಗೆ ಬಹಳ ಸಲ ಕೋಶ ಮಾತ್ರ. ಯಾವುದೇ ತಂದೆತಾಯಿ ಮಗುವಿಗಾಗಿ ಒಂದು ಬಾಳನ್ನು ಆರಿಸಿಯೇ ಆರಿಸುತ್ತಾರೆ. ಊರಿನಲ್ಲಿ ನಿಲ್ಲುವುದೂ ಒಂದು ಆಯ್ಕೆಯೇ, ಅದನ್ನೂ ನಾವು ಮಗುವನ್ನು ಕೇಳಿ ಮಾಡಿದ್ದಲ್ಲ. ಆದ್ದರಿಂದ ‘ಆರಿಸಿದರೇ?’ ಎಂದು ಕೇಳುವುದು ವ್ಯರ್ಥ. ‘ಬೆಳೆದ ಮಗು ಆ ಆಯ್ಕೆಯನ್ನು ಬದಲಿಸಬಲ್ಲುದೆ?’ ಎಂದು ಕೇಳಬೇಕು. ಅಲೆವ ಮಗು ಬೇಕೆಂದಾಗ ನಿಲ್ಲಬಲ್ಲುದೆ, ನಿಂತ ಮಗು ಬೇಕೆಂದಾಗ ಹೊರಡಬಲ್ಲುದೆ? ನನ್ನ ಮಟ್ಟಿಗೆ ಇದೊಂದೇ ಒರೆಗಲ್ಲು.

ಬಿ. ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದರು. ಆ ಸಂಚಾರಿ ಕಂಪನಿಯ ಯಜಮಾನ ವೀರಣ್ಣನವರು ಮುಂದೆ ಅವರನ್ನು ಓದಲೆಂದು ಕಾಶಿಗೆ ಕಳುಹಿದರು. ಮಲ್ಲಿಕಾರ್ಜುನ ಮನಸೂರರೂ ಬಾಲ್ಯದಲ್ಲಿ ನಾಟಕದವರೊಡನೆ ಊರೂರು ತಿರುಗಿದವರೇ. ಆ ಹುಡುಗನ ದನಿ ಮೀರಜಿನ ನೀಲಕಂಠಬುವಾ ಅವರ ಕಿವಿಗೆ ಬಿದ್ದು, ಗುರು ದೊರೆತ. ಅಲೆದಾಟ ಇವರನ್ನು ಕೆಡಿಸಲಿಲ್ಲ, ಬೆಳೆಸಿತು. ಏಕೆಂದರೆ ಯಾರೋ ಒಬ್ಬರು ಇವರಿಗೆ ನಿಲ್ಲುವ ಬಾಗಿಲನ್ನು ತೆರೆದರು. ಆ ಬಾಗಿಲು ತೆರೆಯದ ಮಕ್ಕಳ ಹೆಸರು ನಮಗೆ ತಿಳಿಯುವ ಸಂಭವವೇ ಇಲ್ಲವೆಂಬುದನ್ನೂ ಮರೆಯಬಾರದು.

ಈ ಒರೆಗಲ್ಲಿಗೆ ಹಚ್ಚಿದರೆ ಮೋಟಾರು ಗಾಡಿಗಳೆಲ್ಲವೂ ಚಿನ್ನವಲ್ಲ. ಅಮೇರಿಕೆಯಲ್ಲಿ 2008ರ ಆರ್ಥಿಕ ಕುಸಿತದ ತರುವಾಯ ಮನೆ ಉಳಿಸಿಕೊಳ್ಳಲಾಗದೆ ಗಾಡಿ ಹತ್ತಿದ ಮುಪ್ಪಿನವರನ್ನು ಕುರಿತು ಜೆಸ್ಸಿಕಾ ಬ್ರೂಡರ್ ಎಂಬ ಲೇಖಕಿ 2017ರಲ್ಲಿ ‘ನೋಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕ ಬರೆದರು. ಅದರಿಂದ ಮೂಡಿದ ಚಿತ್ರಕ್ಕೆ 2021ರಲ್ಲಿ ಆಸ್ಕರ್ ಪ್ರಶಸ್ತಿಯೂ ಬಂತು. ಅವರ ಪಯಣ ವಿಹಾರವಲ್ಲ. ನಮ್ಮ ಬಾದಾಮಿ, ಹುನಗುಂದದ ಹಳ್ಳಿಗಳಿಂದ ಮಳೆ ಕೈಕೊಟ್ಟ ವರುಷ ಮನೆಗೆ ಬೀಗ ಜಡಿದು, ಮಕ್ಕಳನ್ನು ಕಟ್ಟಿಕೊಂಡು ಗೋವೆಗೋ ಮಂಗಳೂರಿಗೋ ಗುಳೆ ಹೋಗುವವರದೂ ವಿಹಾರವಲ್ಲ. ನಿಲ್ಲಲಾರದೆ ನಡೆಯುವುದು ಸ್ವಾತಂತ್ರ್ಯವಲ್ಲ. ಹಾಗೆಯೇ ನಡೆಯಗೊಡದೆ ನಿಲ್ಲಿಸುವುದು ಉದ್ಧಾರವೂ ಅಲ್ಲ. ಆಂಗ್ಲ ಸರಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದು, ಹುಟ್ಟಿದ ಕುಲವನ್ನೇ ಅಪರಾಧವೆಂದು ಬರೆಯಿತು. ಮುಂದೆ ಹುಬ್ಬಳ್ಳಿ, ಗದಗ, ವಿಜಾಪುರ, ಸೊಲ್ಲಾಪುರಗಳಲ್ಲಿ ಸೆಟಲ್‌ಮೆಂಟುಗಳನ್ನು ಮಾಡಿ, ಸಂಚಾರದ ಜನರನ್ನು ಅವುಗಳೊಳಗಿಟ್ಟು ಹಾಜರಿ ತೆಗೆದುಕೊಂಡಿತು. ದೇಶದಾದ್ಯಂತ ಆ ಕಾಯಿದೆ ಅಳಿದದ್ದು 1952ರಲ್ಲಿ. ಕಾಯಿದೆ ಹೋಯಿತು, ನಮ್ಮ ಕಣ್ಣಿನ ಸಂಶಯ ಹೋಗಲಿಲ್ಲ.

ನಿಂತವರೆಂದು ಬೀಗುವ ನಮಗೆ ಬಾಗಲಕೋಟೆಯೇ ಒಂದು ಪಾಠ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ನಾಡಿಗೆ ಅರ್ಪಿಸಿದರು. ಅದರ ಹಿನ್ನೀರು ಘಟಪ್ರಭೆಯ ದಡದ ಹಳೆಯ ಊರಿನ ಓಣಿಗಳನ್ನು ಮುಟ್ಟಿತು. ಜನ ಎದ್ದು ನವನಗರದ ಸೆಕ್ಟರುಗಳಿಗೆ ಹೋದರು. ನ್ಯಾಯಾಧಿಕರಣವು 2010ರಲ್ಲಿ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದ್ದರಿಂದ ಏಳಬೇಕಾದವರು ಇನ್ನೂ ಇದ್ದಾರೆ. ‘ಇದು ನಮ್ಮಜ್ಜ ಕಟ್ಟಿಸಿದ ಮನೆ’ ಎಂದವರು ಸಾಮಾನು ಕಟ್ಟಿದ ದಿನ, ಗಾಡಿಯವರಿಗೂ ಅವರಿಗೂ ಇದ್ದ ಅಂತರ ಎಷ್ಟು? ಒಂದು ಅಂತರವಂತೂ ಇತ್ತು. ಮನೆಗೆ ಉತಾರವಿತ್ತು, ಉತಾರಕ್ಕೆ ಪರಿಹಾರವಿತ್ತು. ಬಿಡಾರ ಹೂಡುವ ಬಯಲಿಗೆ ಉತಾರವಿಲ್ಲ. ಸರಕಾರದ ಲೆಕ್ಕಕ್ಕೆ ಸಿಕ್ಕುವುದು ಸ್ಥಾವರ ಮಾತ್ರ.

ಹಾಗಾದರೆ ಮಾಡಬೇಕಾದದ್ದೇನು? ಎಲ್ಲರನ್ನೂ ಹಿಡಿದು ಮನೆಯಲ್ಲಿ ಕೂಡಿಸುವುದಲ್ಲ. ಅಲೆದಾಟವನ್ನು ಹಾಡಿ ಹೊಗಳಿ, ರಸ್ತೆಯ ಬದಿಯಲ್ಲಿ ಹೆರುವ ತಾಯಿಯ ನೋವನ್ನು ಮರೆಯುವುದೂ ಅಲ್ಲ. ನಮ್ಮ ವ್ಯವಸ್ಥೆಗಳು ಸ್ವಲ್ಪ ನಡೆಯಲು ಕಲಿಯಬೇಕು, ಅಷ್ಟೆ. ಅದು ಅಸಾಧ್ಯವೇನೂ ಅಲ್ಲ. 2019ರಲ್ಲಿ ಆರಂಭವಾಗಿ 2022ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿದ ಯೋಜನೆಯಿಂದ ಒಂದೂರಿನ ಪಡಿತರ ಚೀಟಿಗೆ ಇನ್ನೊಂದೂರಿನಲ್ಲಿ ಅಕ್ಕಿ ಸಿಕ್ಕುವಂತಾಗಿದೆ. ವಲಸೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಅಕ್ಕಿ ನಡೆಯಬಹುದಾದರೆ ಅಕ್ಷರವೂ ನಡೆಯಬಹುದು. ಆದರೆ ಕಾಯಿದೆ ಶಾಲೆಯ ಬಾಗಿಲಿನವರೆಗೆ ಮಾತ್ರ ಬರಬಲ್ಲುದು. ನಡುವರ್ಷದಲ್ಲಿ ಬಂದ ಕುರುಬರ ಹುಡುಗಿಯನ್ನು ತನ್ನ ಪಕ್ಕದಲ್ಲಿ ಕೂಡ್ರಿಸಿಕೊಳ್ಳಬೇಕಾದದ್ದು ನಮ್ಮ ಮನೆಯ ಮಗು. ಹಾಗೆ ಕೂಡ್ರಿಸಿಕೋ ಎಂದು ಹೇಳಿ ಕಳಿಸಬೇಕಾದವರು ನಾವು. ಅತ್ತ ಅಲೆಯುವ ತಂದೆತಾಯಿಗಳಿಗೂ, ಗಾಡಿ ಎತ್ತಿನದಾಗಲಿ ಮೋಟಾರಿನದಾಗಲಿ, ಒಂದು ಋಣವುಂಟು: ಮಗು ‘ನಾನು ಇಲ್ಲಿ ನಿಲ್ಲುತ್ತೇನೆ’ ಎಂದ ದಿನ ಅದನ್ನು ತಡೆಯದಿರುವುದು.

ಸಂಸಾರವನ್ನು ಮನೆಯೆನಿಸುವುದು ಗೋಡೆಯಲ್ಲ, ಒಬ್ಬರಿಗೊಬ್ಬರು ಹೊಣೆಯಾಗಿರುವುದು. ಹೊಣೆ ಹೊತ್ತು ನಡೆಯುವವನೂ ಗೃಹಸ್ಥನೇ. ಅವನ ಗಾಡಿ ನಮ್ಮೂರ ಬಯಲಿಗೆ ಬಂದಾಗ ‘ಯಾವೂರಾತು ನಿಮ್ಮದು?’ ಎಂಬ ಪ್ರಶ್ನೆಯನ್ನು ಆಮೇಲೆ ಕೇಳೋಣ. ಮೊದಲು ‘ನೀರು ಸಿಕ್ಕಿತೆ? ಮಕ್ಕಳ ಊಟ ಆಯಿತೆ?’ ಎಂದು ಕೇಳೋಣ.