ಕೋಟಿನ ತೂಕ

ತುರುವೇಕೆರೆ ತಾಲ್ಲೂಕಿನ ನಮ್ಮ ದೊಡ್ಡಪ್ಪನ ಮನೆಯ ತೊಲೆಗೆ ಕೊಬ್ಬರಿ ತೂಗುವ ಕೊಕ್ಕೆಯ ತಕ್ಕಡಿಯೊಂದು ಸದಾ ನೇತಾಡುತ್ತಿರುತ್ತದೆ. 2024ರ ನವೆಂಬರಿನ ಒಂದು ಸಂಜೆ ಅದಕ್ಕೆ ಸೂಟ್‌ಕೇಸ್ ಸಿಕ್ಕಿಸಿ, ನಾನು ಕೆಳಗೆ ಕೂತು ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದೆ. ಸಿಂಗಪುರದಲ್ಲಿ ಕೆಲಸದಲ್ಲಿರುವ ನಮ್ಮಣ್ಣ, ಅಂದರೆ ದೊಡ್ಡಪ್ಪನ ಮಗ, ಅಪ್ಪ ಅಮ್ಮನ ಮದುವೆಗೆ ನಲವತ್ತು ವರ್ಷ ತುಂಬಿತೆಂದು ಅವರಿಬ್ಬರನ್ನೂ ನಾಲ್ಕು ರಾತ್ರಿಯ ಹಡಗಿನ ಪ್ರವಾಸಕ್ಕೆ ಕರೆಸಿಕೊಳ್ಳುತ್ತಿದ್ದ. ವಿಮಾನದಲ್ಲಿ ಒಬ್ಬರಿಗೆ ಇಪ್ಪತ್ತು ಕೆ.ಜಿ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು, ಅದಕ್ಕಿಂತ ಹೆಚ್ಚಾಗಿ ಪಿಎಚ್‌.ಡಿ. ಮಾಡುತ್ತಾ ಬಿಡುವಾಗಿರುವವಳು ಎಂಬ ನಂಬಿಕೆಯ ಮೇಲೆ ಸಾಮಾನು ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಮೊದಲು ಹೊರಗೆ ಬಿದ್ದದ್ದು ಕೊಬ್ಬರಿ. ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಸಿಪ್ಪೆಯೊಳಗೇ ಒಣಗಿದ ಉಂಡೆ ಕೊಬ್ಬರಿ, ಮಗನಿಗೆಂದು ದೊಡ್ಡಮ್ಮ ಒಂದೊಂದೇ ಆರಿಸಿಟ್ಟದ್ದು. ವಿಮಾನದಲ್ಲಿ ಅದನ್ನು ಒಯ್ಯುವಂತಿಲ್ಲ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ತನ್ನಷ್ಟಕ್ಕೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ಸಾಲಿನಲ್ಲಿ ಕೊಬ್ಬರಿಯನ್ನು ಸೇರಿಸಿದ್ದಾರೆ. ಹೀಗೆಂದು ಹೇಳಿದಾಗ ದೊಡ್ಡಮ್ಮ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯಲಾರೆ. ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಕೊಬ್ಬರಿ ಅಪಾಯಕಾರಿ ವಸ್ತು ಎನ್ನುವುದು ಮಜ್ಜಿಗೆಯಿಂದ ಅಮಲೇರುತ್ತದೆ ಎಂದಂತೆ.

ಎರಡನೆಯ ತಕರಾರು ಕೋಟಿನದು. ಅಣ್ಣ ಕಳಿಸಿದ ಪಟ್ಟಿಯಲ್ಲಿ ಒಂದು ರಾತ್ರಿಯ ಊಟದ ಎದುರು ‘ಫಾರ್ಮಲ್’ ಎಂದಿತ್ತು. ಗಂಡಸರಿಗೆ ಕೋಟು, ಟೈ, ಚರ್ಮದ ಬೂಟು. ದೊಡ್ಡಮ್ಮನದು ಸಮಸ್ಯೆಯೇ ಅಲ್ಲ. ಒಂದು ರೇಷ್ಮೆ ಸೀರೆ ಮಡಿಸಿಟ್ಟರೆ ಪುಸ್ತಕದಷ್ಟು ಜಾಗ, ಅಳತೆಯ ತಾಪತ್ರಯವಿಲ್ಲ, ಯಾವ ದೇಶದ ಊಟದ ಮನೆಗಾದರೂ ನಡೆಯುತ್ತದೆ. ಸಾಮಾನ್ಯವಾಗಿ ಉಡುಪಿನ ನಿಯಮಗಳೆಲ್ಲ ಹೆಂಗಸರ ತಲೆಯ ಮೇಲೇ ಬೀಳುತ್ತವೆ. ಒಮ್ಮೆಯಾದರೂ ಗಂಡಸಿನ ಮೇಲೆ ಬಿತ್ತಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು.

ತಿಪಟೂರಿನ ಅಂಗಡಿಯಲ್ಲಿ ಕೋಟು ಪ್ಯಾಂಟಿಗೆ ಹದಿಮೂರು ಸಾವಿರ ಹೇಳಿದರು. ಆ ವರ್ಷ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. “ಒಂದು ಕ್ವಿಂಟಲ್ ಮೈಮೇಲೆ ಹೊತ್ಕಂಡು ಉಣ್ಣಕ್ ಕೂರಬೇಕು” ಎಂದು ದೊಡ್ಡಪ್ಪ ನಕ್ಕರು. ಕೊಳ್ಳಲಿಲ್ಲ. ಚಿಕ್ಕನಾಯಕನಹಳ್ಳಿಯ ಅಳಿಯನ ಆರತಕ್ಷತೆಯ ಕೋಟನ್ನು ಎರವಲು ತರಿಸಿದರು. ಬೂಟು ಸೇರಿಸಿ ತೂಗಿದರೆ ಮೂರು ಕೆ.ಜಿ. ದಾಟಿತು. ಅವರ ರೇಷ್ಮೆ ಪಂಚೆ, ಶಲ್ಯ, ಬಿಳಿ ಅಂಗಿ ಸೇರಿದರೂ ತಕ್ಕಡಿಯ ಮುಳ್ಳು ಒಂದು ಕೆ.ಜಿ. ಮುಟ್ಟಲಿಲ್ಲ.

ನನಗೆ ಇಷ್ಟು ಸಾಕಾಗಿತ್ತು. ಎಷ್ಟೋ ಹಡಗು ಕಂಪನಿಗಳ ನಿಯಮದಲ್ಲಿ ಆಯಾ ದೇಶದ ಸಾಂಪ್ರದಾಯಿಕ ಉಡುಪಿಗೂ ಅವಕಾಶವಿದೆ, ಪಂಚೆಯಲ್ಲೇ ಹೋಗಿ ಎಂದೆ. ಹಗುರವಾಗಿ ಬದುಕುವುದು, ಪರರ ಊಟದ ಮನೆಗಾಗಿ ವೇಷ ಹಾಕದಿರುವುದು, ಎರಡೂ ಒಂದೇ ಪಂಚೆಯಲ್ಲಿ ಸಿಗುತ್ತಿದ್ದವು. ಗಾಂಧಿಯವರ ಹೆಸರನ್ನೂ ಎಳೆದು ತಂದೆ. 1931ರ ಆಗಸ್ಟ್ 29ರಂದು ಅವರು ದುಂಡುಮೇಜಿನ ಸಭೆಗೆಂದು ಮುಂಬಯಿಯಿಂದ ‘ರಜಪುತಾನ’ ಹಡಗು ಹತ್ತಿದಾಗ ಜೊತೆಯವರು ಪೆಟ್ಟಿಗೆಗಳ ರಾಶಿಯನ್ನೇ ತಂದಿದ್ದರು. ಗಾಂಧಿ ಸಿಟ್ಟಾಗಿ ಹೆಚ್ಚಿನದನ್ನು ಏಡನ್‌ನಿಂದ ವಾಪಸು ಕಳಿಸಿದರು. ಆ ನವೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಔತಣಕ್ಕೂ ಪಂಚೆ, ಶಾಲಿನಲ್ಲೇ ಹೋದರು.

“ಅವ್ರು ಗಾಂಧಿ ಕಣವ್ವ” ಎಂದರು ದೊಡ್ಡಪ್ಪ.

ಆ ಮಾತನ್ನು ನಾನು ಆಗ ಉದಾಸೀನ ಮಾಡಿದೆ. ರಾತ್ರಿ ಮಲಗಿದಾಗ ಅದು ಕೊರೆಯತೊಡಗಿತು. ಗಾಂಧಿಯವರ ಇನ್ನೊಂದು ಸಮುದ್ರಯಾನವಿದೆಯಲ್ಲ, 1888ರದು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಚಮಚ ಮುಳ್ಳಿನ ಬಳಕೆ ಗೊತ್ತಿಲ್ಲ, ಇಂಗ್ಲಿಷಿನಲ್ಲಿ ಮಾತಾಡಲು ಸಂಕೋಚ. ಹಾಗಾಗಿ ಹಡಗಿನ ಊಟದ ಮೇಜಿಗೆ ಹೋಗದೆ, ಮನೆಯಿಂದ ತಂದ ಸಿಹಿ, ಹಣ್ಣುಗಳನ್ನೇ ಕೋಣೆಯಲ್ಲಿ ಕೂತು ತಿಂದರು. ಹಡಗಿನಲ್ಲಿ ಕಪ್ಪು ಸೂಟು ತೊಟ್ಟು, ಇಳಿಯುವ ದಿನಕ್ಕೆಂದು ಬಿಳಿಯ ಫ್ಲಾನೆಲ್ ಸೂಟನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಸೌತಾಂಪ್ಟನ್‌ನಲ್ಲಿ ಇಳಿದಾಗ ಸೆಪ್ಟೆಂಬರಿನ ಕೊನೆ, ಬಿಳಿ ತೊಟ್ಟವರು ಅವರೊಬ್ಬರೇ. ಬದಲಾಯಿಸೋಣವೆಂದರೆ ಪೆಟ್ಟಿಗೆಗಳನ್ನು ಬೀಗದ ಕೈ ಸಮೇತ ಏಜೆಂಟನಿಗೆ ಒಪ್ಪಿಸಿಬಿಟ್ಟಿದ್ದರು. ಆಮೇಲೆ ಲಂಡನ್ನಿನ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡ್ ಕೊಟ್ಟು ಸಂಜೆಯ ಸೂಟು ಹೊಲಿಸಿದರು. ಇವನ್ನೆಲ್ಲ ಅವರು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮಧುರೆಯಲ್ಲಿ 1921ರಲ್ಲಿ ಉಡುಪು ಕಡಿಮೆ ಮಾಡಿಕೊಳ್ಳುವ ಹೊತ್ತಿಗೆ ಅವರು ದೇಶಕ್ಕೆಲ್ಲ ಗೊತ್ತಿದ್ದ ಮನುಷ್ಯ. ಅರಮನೆಯ ಬಾಗಿಲಲ್ಲಿ ಅವರ ಪಂಚೆಗಿಂತ ಮೊದಲು ಅವರ ಹೆಸರು ಒಳಗೆ ಹೋಗಿತ್ತು. ನಾನು ದೊಡ್ಡಪ್ಪನಿಗೆ 1931ರ ಉದಾಹರಣೆ ಕೊಟ್ಟಿದ್ದೆ. ಅವರು ನಿಂತಿದ್ದದ್ದು 1888ರಲ್ಲಿ.

ಹೆಸರಿಲ್ಲದವರ ಪಂಚೆಗೆ ಏನಾಗುತ್ತದೆಂದು ಅದೇ ವರ್ಷ ನೋಡಿದ್ದೆವು. ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಮಗನೊಂದಿಗೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು, ಕೈಯಲ್ಲಿ ಟಿಕೆಟ್ ಇದ್ದರೂ, ಪಂಚೆ ಉಟ್ಟಿದ್ದಕ್ಕೆ ತಡೆದರು. ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಬೇಕಾಯಿತು. ಅದಕ್ಕೂ ಮೊದಲು ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆಯೆಂದು ಇನ್ನೊಬ್ಬ ರೈತರನ್ನು ನಿಲ್ಲಿಸಿದ್ದರು. ಹೈಕೋರ್ಟಿನ ನ್ಯಾಯಮೂರ್ತಿಯಾದರೂ ಅಷ್ಟೇ. 2014ರಲ್ಲಿ ಚೆನ್ನೈನ ಕ್ಲಬ್ಬೊಂದರ ಸಮಾರಂಭಕ್ಕೆ ವೇಷ್ಟಿ ಉಟ್ಟು ಹೋದ ನ್ಯಾಯಮೂರ್ತಿ ಹರಿಪರಂಧಾಮನ್ ಅವರನ್ನು ಒಳಗೆ ಬಿಡಲಿಲ್ಲ. ತಮಿಳುನಾಡು ಅದೇ ವರ್ಷ ಇಂಥ ನಿರ್ಬಂಧದ ವಿರುದ್ಧ ಕಾನೂನನ್ನೇ ಮಾಡಿತು. ಕಾನೂನು ಬರಬೇಕು, ನಿಜ. ಆದರೆ ಗೇಟಿನ ಮುಂದೆ ಆ ಹತ್ತು ನಿಮಿಷ ನಿಲ್ಲುವವರು ಯಾರು? ನನ್ನ ತತ್ವಕ್ಕಾಗಿ ನಿಲ್ಲಬೇಕಾದದ್ದು ದೊಡ್ಡಪ್ಪ, ಅದೂ ಅವರ ಮಗನ ಎದುರಿಗೆ.

ಇನ್ನೊಂದು ಯೋಚನೆಯೂ ಬಂತು. ಆ ದುಂಡುಮೇಜಿನ ಸಭೆಯಲ್ಲೇ ಅಂಬೇಡ್ಕರ್ ಇದ್ದರು, ಸೂಟು ತೊಟ್ಟು. ಬಟ್ಟೆ ಕಳಚುವುದು ತ್ಯಾಗವಾಗಬೇಕಾದರೆ ಮೊದಲು ಅದನ್ನು ತೊಡುವ ಹಕ್ಕಿರಬೇಕು. ತಲೆತಲಾಂತರದಿಂದ ಯಾರನ್ನು ಅರೆಬೆತ್ತಲೆ ನಿಲ್ಲಿಸಿದ್ದರೋ, ಮೇಲುಜಾತಿಯವರ ಬೀದಿಯಲ್ಲಿ ಯಾರು ಚಪ್ಪಲಿ ಕೈಲಿ ಹಿಡಿದು ನಡೆಯಬೇಕಿತ್ತೋ ಅವರಿಗೆ ಒಂದು ಇಸ್ತ್ರಿ ಮಾಡಿದ ಕೋಟು ಪರರ ವೇಷವಲ್ಲ. ಸರಳ ಉಡುಪನ್ನು ಹೊಗಳುವ ನಮ್ಮ ಸೆಮಿನಾರುಗಳಲ್ಲಿ ಈ ಮಾತು ಯಾಕೋ ಚಹಾ ವಿರಾಮದ ಆಚೆಗೆ ಉಳಿದುಬಿಡುತ್ತದೆ.

ದೊಡ್ಡಪ್ಪ ಆ ಕಡೆಯವರೇನಲ್ಲ. ಹತ್ತು ಎಕರೆ ತೋಟ, ಜಗಲಿಯಿರುವ ಮನೆ. ಅವರಿಗೆ ಕೋಟು ಬೇಕಾದ ಕಾರಣ ಬೇರೆ ಎಂದು ಮರುದಿನ ತಿಳಿಯಿತು. ಆರು ವರ್ಷದ ಹಿಂದೆ ಅಣ್ಣನ ಕಂಪನಿಯವರು ದೊಡ್ಡ ಹೋಟೆಲೊಂದರಲ್ಲಿ ಕೊಟ್ಟ ಔತಣಕ್ಕೆ ಹೋದಾಗ, ಬಾಗಿಲ ಕಾವಲಿನವನು ಇವರನ್ನು ಪಕ್ಕಕ್ಕೆ ನಿಲ್ಲಿಸಿದ್ದನಂತೆ. ಅಣ್ಣ ಓಡಿಬಂದು ಇಂಗ್ಲಿಷಿನಲ್ಲಿ ಏನೋ ವಿವರಿಸಿ ಒಳಗೆ ಕರೆದುಕೊಂಡು ಹೋದ.

“ಬುಟ್ರು, ಬುಡಲಿಲ್ಲ ಅಂತಲ್ಲ. ಅವ್ನು ನನ್ ವಿಚಾರ ಇನ್ನೊಬ್ರಿಗೆ ಬುಡಿಸಿ ಹೇಳಬೇಕಾಯ್ತಲ್ಲ, ಅದು ಬ್ಯಾಡ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ನೀನು ಕಾಲೇಜಿಗೆ ಸೀರೆ ಬ್ಯಾಗಲ್ಲಿ ಇಟ್ಕಂಡು ಹೋಗಲ್ವ?”

ಹೋಗುತ್ತೇನೆ. ವಾರಕ್ಕೆರಡು ದಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೆಂಗಸರು ಸೀರೆಯಲ್ಲೇ ಪಾಠ ಮಾಡಬೇಕೆಂದು ಅಲ್ಲಿ ಬಾಯಿಮಾತಿನ ಕಟ್ಟಳೆ. ಚೂಡಿದಾರದಲ್ಲಿ ಬಸ್ಸು ಹತ್ತಿ, ಅಲ್ಲಿ ಸ್ಟಾಫ್ ರೂಮಿನ ಹಿಂದಿನ ಕೋಣೆಯಲ್ಲಿ ಏಳು ನಿಮಿಷದಲ್ಲಿ ಸೀರೆ ಸುತ್ತಿಕೊಳ್ಳುತ್ತೇನೆ. ಸಂಜೆ ಮತ್ತೆ ಬಿಚ್ಚಿ ಮಡಿಸುತ್ತೇನೆ. ಬ್ಯಾಗಿನಲ್ಲಿ ಪುಸ್ತಕದಷ್ಟೇ ಜಾಗ. ಒಂದು ದಿನವೂ ಆಕ್ಷೇಪಿಸಿದವಳಲ್ಲ, ಯಾಕೆಂದರೆ ಆ ಸಂಬಳ ನನಗೆ ಬೇಕು. ನನ್ನ ವಿಚಾರದಲ್ಲಿ ಇದು ಅನಿವಾರ್ಯ, ದೊಡ್ಡಪ್ಪನ ವಿಚಾರದಲ್ಲಿ ಮಾತ್ರ ದಾಸ್ಯ ಎಂದು ಹೇಗೆ ತೀರ್ಮಾನಿಸಿದ್ದೆನೋ. ಉತ್ತರ ಕೊಡದೆ ಕೋಟನ್ನು ಮಡಿಸತೊಡಗಿದೆ.

ಆದರೂ ಎಲ್ಲ ಕಟ್ಟಳೆಗಳನ್ನೂ ಒಪ್ಪಿಬಿಡಬೇಕೆಂದು ನನಗನ್ನಿಸುವುದಿಲ್ಲ. ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಕಳಚುತ್ತಾರೆ. ಅದು ಒಳಗೆ ಬಂದ ಎಲ್ಲ ಗಂಡಸರಿಗೂ ಅನ್ವಯಿಸುತ್ತದೆ, ಸಾಹುಕಾರನೂ ಕಳಚಲೇಬೇಕು. ಮದುವೆಮನೆಗೆ ಒಳ್ಳೆಯ ಬಟ್ಟೆ ಉಟ್ಟು ಹೋಗುವುದು ಕರೆದವರಿಗೆ ತೋರುವ ಗೌರವ. ಇವು ಬೇರೆ. ನಿಯಮ ಎಲ್ಲರಿಗೂ ಎಂದು ಬರೆದಿದ್ದು, ಅದರ ತೂಕ ಮಾತ್ರ ಕೆಲವರ ಪೆಟ್ಟಿಗೆಗೇ ಬೀಳುವುದು ಬೇರೆ. ಬೀರುವಿನಲ್ಲಿ ಕೋಟಿರುವವನಿಗೆ ಆ ರಾತ್ರಿಯ ಊಟ ಬರೀ ಊಟ. ಅಳಿಯನನ್ನು ಕೇಳಿ ಎರವಲು ತರುವವನಿಗೆ ಪರೀಕ್ಷೆ. ಹಡಗಿನ ಕಂಪನಿಗೆ ಈ ವ್ಯತ್ಯಾಸ ಕಾಣಬೇಕೆಂದು ಕೇಳುವುದು ತಪ್ಪಲ್ಲ. ಆದರೆ ಕೇಳಬೇಕಾದದ್ದು ನಾನು, ಪತ್ರ ಬರೆದು, ನನ್ನ ಹೆಸರಿನಲ್ಲಿ. ದೊಡ್ಡಪ್ಪನ ಪಂಚೆಯ ಮೂಲಕವಲ್ಲ.

ಕೋಟು ಕೊನೆಗೂ ಸೂಟ್‌ಕೇಸಿಗೆ ಹೋಗಲಿಲ್ಲ. ತೂಕ ಉಳಿಸಲು ದೊಡ್ಡಮ್ಮ ಉಪಾಯ ಮಾಡಿದರು, ಮೈಮೇಲೆಯೇ ಹಾಕಿಕೊಳ್ಳಲಿ ಎಂದು. ಬೂಟೂ ಕಾಲಿಗೇ. ಉಳಿದ ಮೂರು ಕೆ.ಜಿ.ಯಲ್ಲಿ ಚಟ್ನಿಪುಡಿ, ಚಕ್ಕುಲಿ. ಪಂಚೆ ಶಲ್ಯವನ್ನು ನಾನು ಕೇಳದೆಯೇ ಅಡಿಯಲ್ಲಿ ಇಟ್ಟರು. ತುರುವೇಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ನಡುಮಧ್ಯಾಹ್ನ ಕೋಟು ತೊಟ್ಟು ನಿಂತ ದೊಡ್ಡಪ್ಪನನ್ನು ಪರಿಚಯದವರೆಲ್ಲ ಮಾತಾಡಿಸಿ ಹೋದರು.

ಆ ರಾತ್ರಿಯ ಊಟದ ಫೋಟೋ ಈಗ ಅವರ ನಡುಮನೆಯ ಗೋಡೆಯಲ್ಲಿದೆ. ಕೋಟಿನ ತೋಳು ಅರ್ಧ ಇಂಚು ಉದ್ದ. ಅಣ್ಣ ಹೆಗಲ ಮೇಲೆ ಕೈಯಿಟ್ಟಿದ್ದಾನೆ. ದೊಡ್ಡಪ್ಪ ನಗುತ್ತಿದ್ದಾರೆ, ನಾಟಕದ ನಗುವಲ್ಲ.

ಹೋದ ಸಲ ಊರಿಗೆ ಹೋದಾಗ, ಇಪ್ಪತ್ತು ವರ್ಷದಿಂದ ಅವರ ತೋಟದಲ್ಲಿ ಕಾಯಿ ಕೀಳುವವನು ಕೂಲಿಗೆಂದು ಬಂದಿದ್ದ. ಹೊಸ್ತಿಲಾಚೆಯಿಂದಲೇ ಫೋಟೋ ಕಂಡು, “ಬುದ್ಧಿಯೋರು ಹಡಗಲ್ಲಾ?” ಎಂದು ಕತ್ತು ಚಾಚಿದ. “ಬಾರೋ, ಒಳಕ್ ಬಂದ್ ನೋಡು” ಎಂದರು ದೊಡ್ಡಪ್ಪ. ಅವನು ಹೆಗಲ ಮೇಲಿದ್ದ ಟವಲನ್ನು ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡ, ಜಗಲಿಯ ಮೆಟ್ಟಿಲಿನ ಹತ್ತಿರ ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಅಲ್ಲಿಗೇ ನಿಂತ. ದೊಡ್ಡಪ್ಪ ಎರಡನೇ ಸಲ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ದೊಡ್ಡಮ್ಮ ಫೋಟೋವನ್ನು ಮೊಳೆಯಿಂದ ಇಳಿಸಿ, ಸೆರಗಿನಲ್ಲಿ ಗಾಜು ಒರೆಸಿ, ಹೊರಗೆ ತಂದು ಅವನ ಕೈಗೆ ಕೊಟ್ಟರು.